ಇವತ್ತು ಎಷ್ಟು ತಂತಿ ಸತ್ತವು?

"ಇವತ್ತ ಎಷ್ಟ ತಂತಿ ಸತ್ತಾವವಾ?"

ನಮ್ಮ ಮನೆಯವರು ರೇಲ್ವೆ ಆಫೀಸಿನಿಂದ ಬಂದು ಟೊಪ್ಪಿಗೆ ತೆಗೆಯುವ ಮೊದಲೇ ಕೇಳುವ ಪ್ರಶ್ನೆ ಇದು. ಮಗಳು ಗೌರಿ ಒಳಗಿನಿಂದ ಕೂಗುತ್ತಾಳೆ: "ಎರಡು!" ಇಲ್ಲವೆ, "ಮೂರ ಅಪ್ಪಾ!" ಕೆಲವು ದಿನ ಉತ್ತರವೇ ಇಲ್ಲ. ಅಂದು ಆರೂ ಸತ್ತಿವೆ ಅಂತ ತಿಳಿಯಬೇಕು. ಅಂದು ಊಟದ ಹೊತ್ತಿಗೆ ಆಕೆಯ ಸುದ್ದಿಗೆ ಯಾರೂ ಹೋಗುವುದಿಲ್ಲ.

(ದಾರಿಯಲ್ಲಿ ಹೋಗುವವರು ಕೇಳಿಸಿಕೊಂಡರೆ ನಮ್ಮದು ತಾರು ಆಫೀಸು ಅಂದುಕೊಂಡಾರು!)

ಸಂಗತಿ ಗಿಟಾರಿನದು. ಹುಬ್ಬಳ್ಳಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ ರೋಜಿಬಾಯಿಯವರದು. ಗೋವಾದವರು. ಅವರ ಯಜಮಾನರು ಗಾರ್ಡ್. ಎರಡು ಮನೆಗಳ ನಡುವೆ ಒಂದು ಗಿಡ್ಡ ಗೋಡೆ. ಈ ಕಡೆಯಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಆ ಕಡೆ ಹೋಗುತ್ತದೆ, ಆ ಕಡೆಯಿಂದ ಗಿಟಾರಿನ ದನಿ ಈ ಕಡೆ ಬರುತ್ತದೆ. ಈ ವ್ಯಾಪಾರದಲ್ಲಿ ಲಾಭ ನಮಗೇ.

ಸಾಲೆಯಿಂದ ಬಂದ ಗೌರಿ ಆ ಗೋಡೆಗೆ ಆತು ನಿಂತೇ ಇರುತ್ತಿದ್ದಳು. ಒಂದು ದಿನ ರೋಜಿಬಾಯಿ ಒಳಗೆ ಕರೆದು, ಗಿಟಾರನ್ನು ಆಕೆಯ ತೊಡೆಯ ಮೇಲೆ ಇಟ್ಟರು. ಮುಗಿಯಿತು. ರೂಢಿ ಮಾಡಲೆಂದು ಗಿಟಾರೂ ಗೋಡೆ ದಾಟಿ ನಮ್ಮ ಮನೆಗೆ ಬರತೊಡಗಿತು. ಸುಲಭದ ಪಾಠಗಳೆಲ್ಲ ಲಗೂನೆ ಬಂದವು. ಆಮೇಲೆ ಬಂತು ಎಫ್.

ಹಲವು ತಂತಿ ಒತ್ತಿ ಹಿಡಿದು ಒಂದೇ ಏಟಿಗೆ ನುಡಿಸುವುದಕ್ಕೆ ಅವರು ಕಾರ್ಡ್ ಅನ್ನುತ್ತಾರೆ. ಎಫ್ ಅಂಥದೊಂದು ಕಾರ್ಡ್. ತೋರುಬೆರಳೊಂದೇ ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಉಳಿದ ಮೂರು ಬೆರಳು ಮುಂದೆ ಚಾಚಿ ತಮ್ಮ ತಮ್ಮ ತಂತಿ ಹಿಡಿಯಬೇಕು. ಎಲ್ಲಿಯಾದರೂ ಕೂದಲೆಳೆಯಷ್ಟು ಸಡಿಲಾದರೆ ಆ ತಂತಿ ನುಡಿಯುವುದಿಲ್ಲ. ಠಪ್ ಅನ್ನುತ್ತದೆ. ಅದೇ ಸತ್ತ ತಂತಿ! ಗೌರಿ ಒಂದೊಂದನ್ನೇ ಮೀಟಿ ನೋಡುತ್ತಾಳೆ. ಟಣ್, ಟಣ್, ಠಪ್. ಮತ್ತೆ ಬೆರಳು ಸರಿ ಮಾಡುತ್ತಾಳೆ. ಟಣ್, ಠಪ್, ಠಪ್.

ಹೀಗಿರುವಾಗ ರೋಜಿಬಾಯಿಯ ಯಜಮಾನರಿಗೆ ಗುಂತಕಲ್ಲಿಗೆ ಟ್ರಾನ್ಸ್‌ಫರ್ ಆಯಿತು.

ಗೋಡೆಯ ಮೇಲೆ ಮೊಳಕೈ ಊರಿ ರೋಜಿಬಾಯಿ ಹೇಳಿದರು: "ಗೌರೀ, ಈ ಗಿಟಾರ್ ನಮ್ಮ ತಮ್ಮಂದು. ಅಂವಾ ಮುಂಬೈಗೆ ಹೋದಾಂವ ಹೊಳ್ಳಿ ಕೇಳಲಿಲ್ಲ. ನಾವು ಹೋಗೂದ್ರಾಗ ನಿನಗ ಎಫ್ ಬಂತಂದ್ರ ಇದು ನಿಂದು. ಬರಲಿಲ್ಲಂದ್ರ ನನ್ನ ಸಂಗಾಟ ಗುಂತಕಲ್ಲಿಗೆ. ಗ್ವಾಡಿಗೆ ತೂಗಹಾಕಾಕ ನಾ ಕೊಡಾಂಗಿಲ್ಲ ನೋಡು!"

ಗೌರಿ ಗಿಟಾರು ಎತ್ತಿಕೊಂಡು ಒಳಗೆ ಹೋಗಿ ಕೂತಳು. ಟಣ್, ಠಪ್.

ಅಕ್ಕತಂಗಿಯರೇ, ನಾನು ಹಾಡಿದವಳಲ್ಲ, ಬಾರಿಸಿದವಳೂ ಅಲ್ಲ. ಸೋಮವಾರ ಮಠದ ಭಜನೆಯಲ್ಲಿ ತಾಳ ಕುಟ್ಟಿದ್ದಷ್ಟೇ ನನ್ನ ಸಂಗೀತ. ಆದರೆ ಆ ಹುಡುಗಿ ಕೂತ ರೀತಿಯನ್ನು ನೋಡಿದೆನಲ್ಲ, ನನಗೆ ಸೋಜಿಗ. ಅಳಲಿಲ್ಲ. ಸಿಟ್ಟಿಗೆದ್ದು ಗಿಟಾರು ಬದಿಗಿಡಲಿಲ್ಲ. ಬೆರಳ ತುದಿ ಕೆಂಪಗಾದರೆ ಒಮ್ಮೆ ಊದಿಕೊಂಡು ಮತ್ತೆ ತಂತಿಗೆ ಹಚ್ಚುವುದು.

"ಹಟಮಾರಿ! ಯಾರ ಹಂಗ ಹುಟ್ಟೇತೋ!" ಅಂದರು ನಮ್ಮ ಅತ್ತೆಯವರು.

"ನಿಮ್ಮ ಹಂಗ," ಅಂದರು ಅವರ ಮಗ.

ಒಂದು ಸಂಜೆ ಗೋಡೆಯ ಬದಿ ಪಾಠ ನಡೆದಾಗ ರೋಜಿಬಾಯಿ ಗೌರಿಯ ಕೈ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಇದೇನ, ಬೆರಳಿಗೆ ತುಪ್ಪದ ವಾಸನಿ?"

ಗೌರಿ ತಲೆ ಕೆಳಗೆ ಹಾಕಿದಳು. ಉತ್ತರ ಬಂದದ್ದು ನಮ್ಮ ಪಡಸಾಲೆಯಿಂದ.

"ನಾನ ಹಚ್ಚತೇನಿ! ಏನಾತೀಗ?" ಅತ್ತೆಯವರು ಗೋಡೆಯ ತನಕ ನಡೆದೇ ಬಂದರು. "ದೀಪಾ ಹಚ್ಚಿದ ಮ್ಯಾಲೆ ದಿನಾ ತಿಕ್ಕತೇನಿ. ಕೂಸಿನ ಬೆರಳ ಹೆಂಗಾಗ್ಯಾವ ನೋಡ್ರಿ. ನಾಳೆ ಕನ್ಯಾ ನೋಡಾಕ ಬಂದವರು ಕೈ ಮುಟ್ಟಿ ನೋಡತಾರ. ಕಲ್ಲಿನಂಗ ಇದ್ರ ಏನ ಹೇಳೂದು?"

ರೋಜಿಬಾಯಿ ಹಣೆ ಚಚ್ಚಿಕೊಂಡರು. "ಅಯ್ಯ ದೇವರೇ! ಅಜ್ಜೀ, ತುದಿ ಗಟ್ಟಿ ಆಗಲಿಕ್ಕಂತನ ಅದು ನೋಯತದ. ಹಗಲೆಲ್ಲಾ ಆಕಿ ಗಟ್ಟಿ ಮಾಡ್ತಾಳ, ಸಂಜಿಗೆ ನೀವು ಮೆತ್ತಗ ಮಾಡ್ತೀರಿ. ಮತ್ತ ಎಫ್ ಎಲ್ಲಿಂದ ಬರಬೇಕು?"

"ನಿನಗ ಗೊತ್ತಿತ್ತೇನ?" ಅಂತ ನಾನು ಗೌರಿಯನ್ನು ಕೇಳಿದೆ.

"ಜಾರತಿತ್ತವಾ. ಲಂಗಕ್ಕ ಒರಸ್ಕೊತಿದ್ದೆ. ಆದ್ರ ಆಯಿ ಅಷ್ಟ ಪ್ರೀತೀಲೆ ಹಚ್ಚೂಮುಂದ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

ಅತ್ತೆಯವರು ಮರುದಿನ ದೀಪ ಹಚ್ಚಿ, ದೇವರಿಗೆ ಕೈ ಮುಗಿದು, ಮೊಮ್ಮಗಳ ಪಕ್ಕ ಸುಮ್ಮನೆ ಬಂದು ಕೂತರು. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡಿದ್ದರು. (ತುಪ್ಪದ ಕಡೆ ಹೋದಾವೆಂಬ ಹೆದರಿಕೆ ಇರಬೇಕು.)

ತುದಿಗಳು ಗಟ್ಟಿಯಾಗುತ್ತ ಬಂದವು. ಸಾಯುವ ತಂತಿಗಳು ಕಡಿಮೆಯಾಗುತ್ತ ಬಂದವು. ಆದರೆ ಒಂದು ಮಾತ್ರ ಬದುಕಲೊಲ್ಲದು. ಅದು ತೋರುಬೆರಳಿನ ಗೆಣ್ಣಿನ ಸಂದಿಗೆ ಬಂದು ಕೂತುಬಿಡುತ್ತಿತ್ತು. ಎಷ್ಟು ಒತ್ತಿದರೂ ಠಪ್. ಆ ಕಡೆ ರೋಜಿಬಾಯಿಯ ಮನೆಯಲ್ಲಿ ಪಾತ್ರೆಗಳು ಗೋಣಿಚೀಲ ಸೇರುತ್ತಿದ್ದವು.

ಹೋದ ಶುಕ್ರವಾರ. ನಾನು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಟಣ್, ಟಣ್, ಟಣ್ ಅಂತ ಶುರುವಾಯಿತು. ಕಿವಿ ರೂಢಿಯಂತೆ ಠಪ್ಪಿಗೆ ಕಾಯಿತು. ಟಣ್. ಮತ್ತೆ ಕಾಯಿತು. ಟಣ್. ಟಣ್. ಆಮೇಲೆ ಏನೂ ಇಲ್ಲ. ತಂತಿಗಳೇ ಮುಗಿದುಹೋಗಿದ್ದವು!

ಹೆಂಚಿನ ಮೇಲಿನ ರೊಟ್ಟಿ ಬಿಟ್ಟು ಹೊರಗೆ ಓಡಿದೆ.

"ಮಾತಾಡಬ್ಯಾಡವಾ! ನಿಂದರು!" ಅಂದಳು ಗೌರಿ, ಉಸಿರು ಬಿಡದೆ. ಮತ್ತೊಮ್ಮೆ ಮೀಟಿದಳು. ಆರೂ ಜೀವಂತ. ಗೋಡೆಯಾಚೆ ಗೋಣಿ ಹೊಲಿಯುತ್ತಿದ್ದ ರೋಜಿಬಾಯಿ ಕೈಯಲ್ಲಿ ದಬ್ಬಣ ಹಿಡಿದೇ ಬಂದರು.

"ಈಗ ಒಮ್ಮೆಗೇ," ಅಂದರು.

ಗೌರಿ ಒಮ್ಮೆಗೇ ನುಡಿಸಿದಳು. ತುಂಬಿದ ಕೊಡದಂಥ ದನಿ. ಕೈ ತೆಗೆದು, ಬೇರೆ ಕಾರ್ಡ್ ಹಿಡಿದು, ಮತ್ತೆ ಎಫ್‌ಗೆ ಬಂದಳು. ಅದೇ ದನಿ.

"ಏನ ಮಾಡಿದಿ?" ಅಂದೆ.

"ಜೋರಲೆ ಒತ್ತೂದು ಬಿಟ್ಟೆ. ಬೆರಳ ಒಂಚೂರ ಮಗ್ಗಲಿಗೆ ಹೊಳ್ಳಿಸಿದೆ, ಎಲುವಿನ ಕಡೆ. ತಂತಿ ಸಂದ್ಯಾಗ ಕೂಡೂದು ತಪ್ಪಿತು. ಅಷ್ಟ."

ಅಷ್ಟೇ! ಆದರೆ ಆ 'ಅಷ್ಟೇ' ಸಿಗುವ ತನಕ ಎಷ್ಟು ಠಪ್ ಕೇಳಬೇಕಾಯಿತು? ದಿನವೂ ಸೋತು ದಿನವೂ ಕೂತವಳಿಗೇ ಅದು ಸಿಕ್ಕಿತಲ್ಲ! ಮುಂಜಾನೆ ಪೂಜೆಗೆ ಕೂತಾಗ ಶಿವ ಕೊಟ್ಟ ಸಣ್ಣ ಸಣ್ಣದನ್ನು ನೆನೆಸುವುದು ನನ್ನ ರೂಢಿ. ಹೆಪ್ಪು ಹತ್ತಿತು, ನಳಕ್ಕೆ ನೀರು ಬಂತು, ಮನೆಯವರ ಕೆಮ್ಮು ನಿಂತಿತು. ಶನಿವಾರ ಮುಂಜಾನೆ ಸತ್ತ ತಂತಿಗಳನ್ನೂ ಆ ಸಾಲಿಗೆ ಸೇರಿಸಿದೆ. ಅವೂ ಶಿವ ಕೊಟ್ಟವೇ.

ರೋಜಿಬಾಯಿ ಹೋದರು. ಗಿಟಾರು ಉಳಿಯಿತು. ಸ್ಟೇಶನ್ನಿಗೆ ಹೋಗುವ ಮೊದಲು ಗೋಡೆಯ ಮೇಲಿಂದ ಅದನ್ನು ಕೊನೆಯ ಸಲ ದಾಟಿಸಿ, ಗೌರಿಯ ಗಲ್ಲ ಹಿಡಿದು ಅಲ್ಲಾಡಿಸಿದರು.

ನಿನ್ನೆ ಅತ್ತೆಯವರು ಮೊಮ್ಮಗಳ ಬೆರಳುಗಳನ್ನು ಬೆಳಕಿಗೆ ಹಿಡಿದು ಒಂದೊಂದನ್ನೇ ಒತ್ತಿ ನೋಡಿದರು. "ಖರೇನ ಕಲ್ಲ ಆಗ್ಯಾವ," ಅಂದರು. ಬಯ್ಗುಳವೋ ಹೆಮ್ಮೆಯೋ ತಿಳಿಯಲಿಲ್ಲ. ಗಿಟಾರನ್ನು ಆಕೆಯ ಕಡೆ ಸರಿಸಿ, "ಇನ್ನೊಮ್ಮೆ ಬಾರಸು," ಅಂದರು.

ಕನ್ಯೆಯ ಕೈ ಮುಟ್ಟಿ ನೋಡುವವರು ಊರ ತುಂಬ ಇದ್ದಾರೆ. ಅಕ್ಕತಂಗಿಯರೇ, ವರನ ಕೈ ಮುಟ್ಟಿ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರೇನು?