ಟೆಂಪೋದವನ ತಾಯಿ

ತಳದಲ್ಲಿ ಅಕ್ಷರ ಓಡುವ ಸಿನಿಮಾ ಟಿವಿಯಲ್ಲಿ ಬಂದರೆ ಸಾಕು, ನನ್ನ ಬಾಯಿ ತಾನಾಗಿಯೇ ಗಟ್ಟಿಯಾಗಿ ಓದತೊಡಗುತ್ತದೆ. ನಿನ್ನೆಯೂ ಹಾಗೇ ಆಯಿತು, ಮಕ್ಕಳು ನಕ್ಕರು. ನೀವೂ ನಗಬಹುದು. ಇದು ನಮ್ಮ ವೈನಿಯಿಂದ ಹತ್ತಿದ ಚಟ.

ವೈನಿ ನನ್ನ ಅಣ್ಣನ ಹೆಂಡತಿ. ಜಮಖಂಡಿಯ ನಮ್ಮ ಮನೆಯಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತಿದ್ದವು. ಇಂಗ್ಲಿಷ್ ಮಾತ್ರ ನನ್ನ ಪಾಲಿಗೆ, ಅದೂ ಅರ್ಧಮರ್ಧ. ವೈನಿಯ ಒಬ್ಬನೇ ಮಗ ಮಾಧವ ಮುಧೋಳ ರಸ್ತೆಯಲ್ಲಿ ಬೈಕಿನ ಮೇಲೆ ಬರುವಾಗ ಎದುರಿನ ಟೆಂಪೋಗೆ ಡಿಕ್ಕಿಯಾಗಿ ಹೋಗಿಬಿಟ್ಟ. ಟೆಂಪೋ ಉರುಳಿ ಅದರ ಡ್ರೈವರನೂ ಉಳಿಯಲಿಲ್ಲ. ತಪ್ಪು ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಆ ಡ್ರೈವರನಿಗೆ ಹೆಸರಿರಲಿಲ್ಲ, ಬರೀ ‘ಟೆಂಪೋದವ’.

ಆಮೇಲೆ ವೈನಿಗೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಗಿ, ನಾನು ಬಾಡಿಗೆ ಸಿಡಿ ತಂದು ಹಚ್ಚುತ್ತಿದ್ದೆ. ಒಮ್ಮೆ ಮೂರು ದೇಶಗಳ ಕಥೆ ಹೆಣೆದ ಸಿನಿಮಾ ಸಿಕ್ಕಿತು. ಭಾಷೆ, ಉಡುಗೆ, ಊಟ ಎಲ್ಲ ಬೇರೆ ಬೇರೆ. ತಳದ ಅಕ್ಷರ ಓದಿ, ತಿಳಿಯದ ಕಡೆ ನನ್ನದೇ ಕಥೆ ಸೇರಿಸಿ, ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಗೆ ತಿಳಿಯಿತು: ಅದರಲ್ಲಿ ಎರಡು ದೇಶಗಳ ಇಬ್ಬರು ತಾಯಂದಿರ ಮಕ್ಕಳು ಮುಳುಗಿದ್ದು ಒಂದೇ ದೋಣಿಯಲ್ಲಿ.

“ಇವ್ರಿಬ್ರಿಗೂ ಭೇಟಿ ಆಗೂದಿಲ್ಲೇನು?” ವೈನಿ ಕೇಳಿದರು.

“ಇಲ್ರಿ ವೈನಿ. ಮುಗೀತು.”

ಪರದೆ ಕಪ್ಪಾದ ಮೇಲೂ ಅವರು ಏಳಲಿಲ್ಲ. “ಆ ಟೆಂಪೋದವಗ ತಾಯಿ ಇದ್ದಾಳೇನು?”

ವಿಚಾರಿಸಿದೆ. ಇದ್ದಳು, ಗಲಗಲಿಯಲ್ಲಿ. ಅಣ್ಣನಿಗೆ ಹೇಳದೆ ಇಬ್ಬರೂ ಬಸ್ಸು ಹತ್ತಿದೆವು. ಅಣೆಕಟ್ಟಿನ ಹಿನ್ನೀರು ಬಂದು ಮನೆ ಬಿಟ್ಟವರಿಗೆ ಕೊಟ್ಟ ಹೊಸ ಓಣಿಯಲ್ಲಿ, ಆ ತಾಯಿ ಹುಸೇನಬಿ ಬಾಗಿಲಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾವು ಯಾರೆಂದು ಹೇಳಿದೆ. ಆಕೆ ಕೈ ಒರೆಸಿಕೊಂಡಳು.

“ಬೈಯಾಕರೆ ಬರ್ತೀರಿ ಅಂತ ದಾರಿ ನೋಡಿದ್ನಿರಿ ಅಕ್ಕಾರ. ಯಾರೂ ಬರಲಿಲ್ಲ.”

“ಬೈಲಿಕ್ಕಲ್ಲ, ಹುಸೇನಬಿ,” ಎಂದರು ವೈನಿ. “ನಿನ್ನ ಮಗನ ಹೆಸರೇನು?”

“ದಾವಲ.”

ಅಷ್ಟು ಹೇಳಿ ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು. ವೈನಿ ಪಕ್ಕದಲ್ಲಿ ನೆಲಕ್ಕೆ ಕುಳಿತರು. ಚಹಾ ಬಂತು. ಹೊರಗೆ ನೀರೂ ಮುಟ್ಟದ ನಮ್ಮ ಮಡಿಯ ವೈನಿ ಅದನ್ನು ಕಪ್ಪಿನ ಬಸಿಗೆ ಸುರಿದುಕೊಂಡು ಕುಡಿದರು.

ಅಂದಿನಿಂದ ಹೋಗಿಬರುವುದು, ಫೋನು ನಡೆದೇ ಇತ್ತು. ಅಣ್ಣ ಮೊದಲು ಸಿಟ್ಟಾದ, ಆಮೇಲೆ ಸುಮ್ಮನಾದ.

ಹೋದ ತಿಂಗಳು ವೈನಿ ತೀರಿಕೊಂಡರು. ಮರುದಿನ ಹುಸೇನಬಿ ಬಂದು ಪಡಸಾಲೆಯ ಗೋಡೆಗೆ ಒರಗಿ ಕುಳಿತಳು. “ದಾವಲ ಹೆಂಗ ನಗತಿದ್ದ, ಏನ ಉಣತಿದ್ದ ಅಂತ ಕೇಳಾಕಿ ಈಕಿ ಒಬ್ಬಾಕಿನ ಇದ್ಲರಿ. ನಮ್ಮ ಮಂದಿಗೆ ಮರತ ಹೋಗೇತಿ.”

ನಿನ್ನೆ ಸಂಜೆ ನಾನೇ ಆಕೆಗೆ ಫೋನು ಹಚ್ಚಿದೆ.

“ದಾವಲಗ ಉಣ್ಣಾಕ ಏನ ಸೇರತಿತ್ತು?” ಎಂದೆ.

ಆ ಕಡೆಯಿಂದ ಆಕೆ ಹೇಳತೊಡಗಿದಳು.