ಕೆಂಪು ಬಸ್ಸಿನ ಫೈಲು

ಕೋವಿಡ್ ಮುಗಿದು ಶಾಲೆಗಳು ಸರಿಯಾಗಿ ನಡೆಯತೊಡಗಿದ ಮರುವರ್ಷದ ಮಾತು. ಆಗ ನಾನು ಮಹಾರಾಷ್ಟ್ರದ ಜತ್ತ ತಾಲೂಕಿನ ಉಮದಿಯ ಒಂದು ಕನ್ನಡ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಹನ್ನೊಂದು ಕಂಪ್ಯೂಟರು, ಒಂದು ಪ್ರಿಂಟರು, ಅವುಗಳನ್ನು ಮುಟ್ಟುವ ಪ್ರತಿಯೊಬ್ಬರ ಮೇಲೂ ಸಂಶಯ, ಇಷ್ಟೇ ನನ್ನ ಕಾರಭಾರ. ಸಂಶಯ ಪಡುವುದೇ ನನ್ನ ಕೆಲಸ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಕಾರಕೂನ ಕಲ್ಲಪ್ಪ ಓಡಿ ಬಂದ.

"ಸರ್, ಲಗೂನ ಬರ್ರಿ. ಆಫೀಸಿನ ಕಂಪ್ಯೂಟರಿನ್ಯಾಗ ಒಂದೂ ಫೈಲ್ ಓಪನ್ ಆಗವಲ್ದು."

ಹೋಗಿ ನೋಡಿದರೆ ಎಲ್ಲ ಫೈಲುಗಳ ಹೆಸರಿನ ಬಾಲದಲ್ಲಿ ಗುರುತಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬೆದರಿಕೆ. ಇದಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಕಂಪ್ಯೂಟರಿನೊಳಗೆ ನುಸುಳಿ ಫೈಲುಗಳಿಗೆಲ್ಲ ಬೀಗ ಜಡಿದು, ಕೀಲಿ ಬೇಕಾದರೆ ಹಣ ಕೊಡಿ ಎನ್ನುವ ಜಾತಿಯದು. ಹತ್ತನೆಯ ತರಗತಿಯ ಆಂತರಿಕ ಅಂಕಗಳು ಅದರೊಳಗಿದ್ದವು. ಪುಣ್ಯಕ್ಕೆ ಎಲ್ಲದರ ಕಾಗದದ ರಜಿಸ್ಟರು ಕಪಾಟಿನಲ್ಲಿತ್ತು. ನಾಲ್ಕು ದಿನ ಕೂತು ಮತ್ತೆ ಟೈಪ್ ಮಾಡಿದರೆ ಮುಗಿಯಿತು. ಮುಗಿಯದೆ ಉಳಿದದ್ದು ಇದನ್ನು ಮಾಡಿದವರು ಯಾರು ಎಂಬ ಪ್ರಶ್ನೆ.

ಕಲ್ಲಪ್ಪ ಏನೂ ಮುಚ್ಚಿಡಲಿಲ್ಲ. ಐವತ್ತು ದಾಟಿದ ಈ ಮನುಷ್ಯನಿಗೆ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟದ ಹುಚ್ಚು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಅದನ್ನು ಹಾಕಿಕೊಂಡಿದ್ದ. ಆಟ ಬಂದದ್ದು ಬಜಾರಿನ ಸಲೀಮನ ಮೊಬೈಲ್ ಅಂಗಡಿಯಿಂದ. ನಮ್ಮ ಕಡೆ ನೆಟ್‌ವರ್ಕಿನ ನಂಬಿಕೆಯಿಲ್ಲ. ಸುತ್ತಲಿನ ಹಳ್ಳಿಗಳಾದ ಉಟಗಿ, ಅಸಂಗಿಯವರು ಕೂಡ ಸಂತೆಗೆ ಬಂದಾಗ ಪೆನ್‌ಡ್ರೈವ್ ಅವನ ಕೈಗೆ ಕೊಟ್ಟು, ಬೇಕಾದ ಆಟ ತುಂಬಿಸಿಕೊಂಡು ಹೋಗುವುದು ರೂಢಿ.

ಹೆಡ್ ಸರ್ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು. "ಸಲೀಮನ ಹೆಸರು ಹಾಕಿ ತಪಾಸಣೆ ಅಹವಾಲು ಬರದು ಬುಧವಾರ ಕೊಡ್ರಿ. ಪೊಲೀಸರಿಗೆ ನಾನ ಒಯ್ದು ಕೊಡ್ತೀನಿ."

ನನಗೂ ಅದರಲ್ಲಿ ಅನುಮಾನವಿರಲಿಲ್ಲ. ಈ ಸಲೀಮನಿಗೆ ಹೊಸ ಹೊಸ ಆಟಗಳು ಎಲ್ಲಿಂದ ಸಿಗುತ್ತವೆ? ಎರಡು ಫೋನು ಯಾಕೆ ಇಟ್ಟುಕೊಂಡಿದ್ದಾನೆ? ಮೊನ್ನೆ ನನ್ನನ್ನು ಕಂಡು ಪರದೆ ಅತ್ತ ತಿರುಗಿಸಿದನಲ್ಲ? ಒಮ್ಮೆ ಸಂಶಯ ಹೊಕ್ಕಿತೆಂದರೆ ನೋಡಿದ್ದೆಲ್ಲ ಸಾಕ್ಷಿಯಾಗುತ್ತದೆ. ಮಂಗಳವಾರದ ಹೊತ್ತಿಗೆ ಸುದ್ದಿ ಬಜಾರು ತಲುಪಿ, ಅವನ ಅಂಗಡಿಯ ಕಟ್ಟೆ ಖಾಲಿಯಾಗಿತ್ತು. ನಾನು ಹೋಗಿ, ಕಲ್ಲಪ್ಪನಿಗೆ ಕೊಟ್ಟ ಆಟವನ್ನೇ ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಡು ಎಂದೆ.

"ಹಾಕಿ ಕೊಡ್ತೀನ್ರಿ ಸರ್. ಆದ್ರ ನಾನು ಆಟ ಮಾಡಿದ ಕಂಪನಿ ಸೈಟಿನಿಂದ ಬಿಟ್ರ ಬ್ಯಾರೆ ಕಡೆಯಿಂದ ಇಳಸಂಗಿಲ್ರಿ. ಮಂದಿ ಕಂಪ್ಯೂಟರ್ ಕೆಟ್ರ ಬೈಸ್ಕೊಳ್ಳಾಂವ ನಾನ ಅಲ್ಲೇನ್ರಿ?"

ಸಿಕ್ಕಿಬಿದ್ದವರೆಲ್ಲ ಹೀಗೆಯೇ ಹೇಳುತ್ತಾರೆ ಎಂದುಕೊಂಡೆ.

ಶಾಲೆಗೆ ಬಂದು, ಇಂಟರ್‌ನೆಟ್ ಇಲ್ಲದ ಒಂದು ಹಳೆಯ ಯಂತ್ರದಲ್ಲಿ ಅದನ್ನು ಪರೀಕ್ಷಿಸಿದೆ. ಆಟ ತಯಾರಿಸಿದವರು ತಮ್ಮ ಸೈಟಿನಲ್ಲಿ ಪ್ರತಿ ಫೈಲಿಗೂ ಒಂದು ಉದ್ದನೆಯ ಸಂಖ್ಯೆ ಕೊಟ್ಟಿರುತ್ತಾರೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಹೆಬ್ಬೆಟ್ಟಿನ ಗುರುತು ಇದ್ದಂತೆ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ. ನನ್ನ ಫೋನಿನಲ್ಲಿ ಆ ಸೈಟು ತೆರೆದು ಹೋಲಿಸಿದರೆ, ಸಲೀಮನ ಫೈಲಿನ ಸಂಖ್ಯೆ ಚಾಚೂ ತಪ್ಪದೆ ಹೊಂದಿತು. ಎರಡು ಸಲ ನೋಡಿದೆ. ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ನಿರಾಸೆಯಾಯಿತು.

ಹಾಗಾದರೆ ಕಳ್ಳ ಎಲ್ಲಿಂದ ಬಂದ? ನಮ್ಮ ಫೈಲುಗಳಿಗೆ ಬೀಗ ಬಿದ್ದಿದ್ದರೂ ಆಫೀಸಿನ ಕಂಪ್ಯೂಟರಿನ ಬ್ರೌಸರ್ ಇತಿಹಾಸ ಉಳಿದಿತ್ತು, ಅದನ್ನು ತೆಗೆದೆ. ಶನಿವಾರ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಕಲ್ಲಪ್ಪ ಯಾವುದೋ ಸೈಟಿಗೆ ಹೋಗಿದ್ದ. ಆಟದಲ್ಲಿದ್ದ ಪರದೇಶದ ಬಸ್ಸು ಅವನ ಮನಸ್ಸಿಗೆ ಹಿಡಿಸಿರಲಿಲ್ಲ. ನಮ್ಮ ಕಡೆಯ ಕೆಂಪು ಸರಕಾರಿ ಎಸ್‌ಟಿ ಬಸ್ಸೇ ಬೇಕಾಗಿತ್ತು. ಆ ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್ನುಗಳು. ಅತಿ ದೊಡ್ಡದನ್ನು ಒತ್ತಿದ್ದ. ಇಳಿದ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿ, ಅದನ್ನು ಪಕ್ಕದಲ್ಲೇ ಬರೆದಿಟ್ಟಿದ್ದರು. ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದು ಮಾಡುವ ಉಪಾಯ ಅದು. ಬಸ್ಸಿನ ಬಣ್ಣ ಬದಲಿಸಲು ಚಿತ್ರಗಳು ಸಾಕು. ಅದರೊಳಗಿದ್ದದ್ದು ಇಎಕ್ಸ್‌ಇ, ಅಂದರೆ ತೆರೆದ ಕೂಡಲೇ ತಾನಾಗಿ ಕೆಲಸಕ್ಕಿಳಿಯುವ ಪ್ರೋಗ್ರಾಮು.

ಆದರೂ ಜಿಪ್ ಬಿಚ್ಚಿದ ಮೇಲಾದರೂ ಆ್ಯಂಟಿವೈರಸ್ ಅದನ್ನು ಹಿಡಿಯಬೇಕಿತ್ತು. ಅದರ ದಾಖಲೆ ನೋಡಿದೆ. ಹನ್ನೆರಡೂ ಹದಿನಾಲ್ಕಕ್ಕೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಮರು ನಿಮಿಷವೇ ಯಾರೋ ಅದನ್ನು ಬಂದ್ ಮಾಡಿದ್ದರು. ಕಲ್ಲಪ್ಪನನ್ನು ಕರೆದು ಗದರಿದೆ.

"ಕೆಂಪು ಸೂಚನಾ ಬಂದ ಮ್ಯಾಲೂ ಯಾಕ ಬಂದ್ ಮಾಡಿದಿ? ಯಾರು ಹೇಳಿದ್ರು ನಿನಗ?"

ಅವನು ಕಕ್ಕಾಬಿಕ್ಕಿಯಾಗಿ ಗೋಡೆಯ ಕಡೆ ಕೈ ತೋರಿಸಿದ. "ನೀವ ಬರದು ಹಚ್ಚೀರಲ್ರಿ ಸರ್."

ಹೌದು, ನನ್ನದೇ ಅಕ್ಷರ. ನಮ್ಮ ಕನ್ನಡ ಪ್ರಶ್ನೆಪತ್ರಿಕೆಗಳು ಒಂದು ಹಳೆಯ ಟೈಪಿಂಗ್ ಪ್ರೋಗ್ರಾಮಿನ ಮೇಲೆ ನಡೆಯುತ್ತಿದ್ದವು. ಪಾಪದ ಪ್ರೋಗ್ರಾಮು. ಆದರೆ ಆ್ಯಂಟಿವೈರಸ್ ಅದರ ಪರಿಚಯವಿಲ್ಲದೆ ಪ್ರತಿ ಸಲ ಕೂಗಿಕೊಳ್ಳುತ್ತಿತ್ತು. ಪದೇ ಪದೇ ನನ್ನನ್ನು ಕರೆಯುವುದು ತಪ್ಪಲಿ ಎಂದು ಮೂರು ವರ್ಷದ ಹಿಂದೆ ಚೀಟಿ ಬರೆದು ಅಂಟಿಸಿದ್ದೆ: "ಕೆಂಪು ಸೂಚನೆ ಬಂದರೆ ಹೆದರಬೇಡಿರಿ. ಆ್ಯಂಟಿವೈರಸ್ ಬಂದ್ ಮಾಡಿ ಮುಂದುವರಿಯಿರಿ." ಆ ಒಂದು ಪ್ರೋಗ್ರಾಮಿಗೆ ಮಾತ್ರ ಎಂದು ಬರೆಯುವುದನ್ನು ಮರೆತಿದ್ದೆ. ಮಾಸ್ತರರ ಮಾತನ್ನು ಕಲ್ಲಪ್ಪ ಪಾಲಿಸಿದ್ದ, ಅಷ್ಟೇ.

ಅವನು ಹೋದ ಮೇಲೆ ನಾನು ಚೀಟಿಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ಕಿತ್ತು ಜೇಬಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಲೀಮನ ಹೆಸರು ಹೇಗೂ ಊರ ಬಾಯಲ್ಲಿತ್ತು. ಆ ಯೋಚನೆ ನನಗೆ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬುಧವಾರ ಚೀಟಿಯ ಸಮೇತ ಅಹವಾಲು ಕೊಟ್ಟೆ. ಸಲೀಮನ ಫೈಲು ಶುದ್ಧ, ಕಾರಣ ಇಂಥದು, ಚೀಟಿ ಬರೆದವನು ನಾನು ಎಂದು ಸಹಿ ಮಾಡಿದ್ದೆ. ಹೆಡ್ ಸರ್ ಓದಿ ಕನ್ನಡಕ ತೆಗೆದರು.

"ರಿಟೈರ್ ಆಗೂ ಹೊತ್ತಿನ್ಯಾಗ ಇದೆಲ್ಲಾ ಯಾಕ ಬೇಕಿತ್ತ್ರಿ ನಿಮಗ?"

ಪೊಲೀಸರಿಗೆ ಹೋದ ದೂರಿನಲ್ಲಿ ಯಾರ ಹೆಸರೂ ಇರಲಿಲ್ಲ. ಶಾಲೆಯಿಂದ ನನಗೊಂದು ಕಾರಣ ಕೇಳುವ ನೋಟೀಸು ಬಂತು. ಬರಬೇಕಾದದ್ದೇ.

ಸಂಜೆ ಸಲೀಮನ ಅಂಗಡಿಗೆ ಹೋದೆ. "ಕುಂದ್ರಿ ಸರ್" ಎಂದು ಸ್ಟೂಲು ಒರೆಸಿ ಕೊಟ್ಟ. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಬಜಾರಿನವರಿಗೂ ಹೇಳುತ್ತೇನೆ ಎಂದೆ. ಅವನು ಸ್ಟೂಲು ಒರೆಸಿದ ಬಟ್ಟೆಯನ್ನು ಮಡಚಿಟ್ಟ.

"ಮಂದಿ ಮಾತಿಂದು ಏನಿಲ್ರಿ. ನೀವು ಕಂಪ್ಯೂಟರ್ ಕಲ್ತವ್ರು. ಫೈಲ್ ಒಯ್ದು ತಪಾಸ ಮಾಡಿದ್ರಿ, ಚಲೋ ಆತು. ಆದ್ರ ತಪಾಸ ಮಾಡೂಕಿಂತ ಮೊದ್ಲ ನನ್ನ ಕಳ್ಳ ಅಂತ ತಿಳಕೊಂಡ ಬಂದಿದ್ರಲ್ರಿ?"

ಎಲ್ಲಿಂದ ಬಂದೆ, ಒಳಗೇನಿದೆ, ಆ್ಯಂಟಿವೈರಸ್ಸೆಂಬ ಕಾವಲುಗಾರನನ್ನು ಯಾಕೆ ಮಲಗಿಸು ಎನ್ನುತ್ತೀ ಎಂದು ಫೈಲನ್ನು ಕೇಳಬೇಕು, ಕೇಳದೆ ತೆರೆಯಬಾರದು. ಇಪ್ಪತ್ತಾರು ವರ್ಷ ನಾನು ಇದನ್ನೇ ಪಾಠ ಮಾಡಿದೆ. ಆ ವಾರ ಫೈಲನ್ನು ನಂಬದೆ ಎರಡು ಸಲ ತಪಾಸಣೆ ಮಾಡಿದ ನಾನು, ಸಲೀಮನ ಮೇಲಿನ ನನ್ನ ಸಂಶಯವನ್ನು ಒಂದು ಸಲವೂ ತಪಾಸಣೆ ಮಾಡಿರಲಿಲ್ಲ.