ಸುಮ್ಮನೆ ಕೂತವರನ್ನು ಮೊದಲು ನೋಡುವ ಡ್ರೆಸ್ಸರ್ ಅಕ್ಕ

ಬೆಳಗಿನ ಆರು ಗಂಟೆ. ದೊಡ್ಡಾಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ, ಸಿಂಕಿನ ಮುಂದೆ, ಹೋಟೆಲಿನ ಅಡುಗೆಯವರೊಬ್ಬರು ಮೊಣಕೈವರೆಗೆ ಟೂತ್‌ಪೇಸ್ಟ್ ಮೆತ್ತಿಕೊಂಡು ನಿಂತಿದ್ದಾರೆ. ಅರ್ಧ ಗಂಟೆಯ ಹಿಂದೆ ಕೈಮೇಲೆ ಕುದಿನೀರು ಚೆಲ್ಲಿದೆ. ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಅಕ್ಕ ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಪೇಸ್ಟನ್ನು ಮೆಲ್ಲಗೆ ತೊಳೆಯುತ್ತಾ, ಬಹಳ ಗಂಭೀರವಾಗಿ ವಿಚಾರಿಸುತ್ತಾರೆ: "ಹಲ್ಲುಜ್ಜೋಕೆ ಏನಾದ್ರೂ ಉಳಿಸಿದೀರೋ, ಎಲ್ಲಾ ಕೈಗೇ ಖರ್ಚಾಯ್ತೋ?"

ಅಷ್ಟು ಉರಿಯಲ್ಲೂ ಅಡುಗೆಯವರಿಗೆ ನಗು ತಡೆಯಲಾಗುವುದಿಲ್ಲ. ಆ ಸಂದಿಯಲ್ಲೇ ಅಕ್ಕ ಅವರ ಬೆರಳಿನ ಉಂಗುರ ಬಿಚ್ಚಿ ಜೇಬಿಗೆ ಹಾಕಿಬಿಟ್ಟಿದ್ದಾರೆ. ಕೈ ಊದಿಕೊಂಡ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಅಕ್ಕನಿಗೆ ಈಗ ಐವತ್ನಾಲ್ಕು. ನೆಲ ಒರೆಸುವ ಕೆಲಸಕ್ಕೆಂದು ಇಲ್ಲಿಗೆ ಬಂದವರು, ಹಳೆಯ ಡ್ರೆಸ್ಸರ್ ಒಬ್ಬರ ಪಕ್ಕದಲ್ಲಿ ನಿಂತು ನಿಂತೇ ಕೆಲಸ ಕಲಿತರು. ಇಪ್ಪತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನಲವತ್ತು ಗಾಯಗಳಿಗಾದರೂ ಪಟ್ಟಿ ಕಟ್ಟುತ್ತಾರೆ. ಅದಕ್ಕೂ ಮೊದಲು, ಜನ ಹಚ್ಚಿಕೊಂಡು ಬಂದದ್ದನ್ನೆಲ್ಲ ತೆಗೆಯಬೇಕು: ಪೇಸ್ಟು, ಶಾಯಿ, ಹಿಟ್ಟು. ಒಬ್ಬರಂತೂ ಮೊಟ್ಟೆ ಒಡೆದು ಸುರಿದುಕೊಂಡು ಬಂದಿದ್ದರಂತೆ. "ಒಂಚೂರು ಉಪ್ಪು ಹಾಕಿದ್ರೆ ತಿಂಡಿಯೇ ಆಗ್ತಿತ್ತು," ಎನ್ನುತ್ತಾರೆ ಅಕ್ಕ.

ಗಾಯದ ಆಳವನ್ನು ಅವರು ಮೊದಲು ಅಳೆಯುವುದು ಕಿವಿಯಿಂದ. "ಬರೀ ಕೆಂಪಾಗಿ ಉರೀತಿದ್ರೆ ಮೇಲಿನ ಪದರ ಅಷ್ಟೇ. ಅವರು ಛಾವಣಿ ಹಾರಿಹೋಗೋ ಹಾಗೆ ಕಿರುಚ್ತಾರೆ, ವಾರದೊಳಗೆ ವಾಸಿ. ನೀರುಗುಳ್ಳೆ ಎದ್ದಿದ್ರೆ ಇನ್ನೂ ಒಳಗೆ ತಾಗಿದೆ ಅಂತ. ಒಡೀಬೇಡಿ ಅಂದ್ರೂ ಒಡ್ಕೊಂಡೇ ಬಂದಿರ್ತಾರೆ. ಮೂರನೇದರಲ್ಲಿ ಚರ್ಮ ಬೆಳ್ಳಗೋ ಕಪ್ಪಗೋ ಆಗಿ ಗಟ್ಟಿಯಾಗಿರುತ್ತೆ. ನರಾನೇ ಸುಟ್ಟಿರುತ್ತಲ್ಲ, ನೋವೇ ಗೊತ್ತಾಗಲ್ಲ. ಅವರು ಸುಮ್ನೆ ಕೂತಿರ್ತಾರೆ. ನಂಗೆ ಅವರದೇ ಭಯ."

ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಆಮೇಲೆ ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ. ಇದು ಅಕ್ಕ ಊರಿಗೆಲ್ಲ ಹೇಳುವ ಪಾಠ. ಅವರ ಮನೆಯವರು ಬಸ್ ಚಾಲಕರು. ಈ ಪಾಠವನ್ನು ಅವರಷ್ಟು ಸಲ ಕೇಳಿದವರು ಇನ್ನೊಬ್ಬರಿಲ್ಲ. ಆದರೂ ಅಕ್ಕನ ಕೈಗೆ ಎಣ್ಣೆ ಸಿಡಿದ ದಿನ ಅವರು ಓಡಿ ಬಂದದ್ದು ಒಂದು ಕೈಯಲ್ಲಿ ಪೇಸ್ಟು, ಇನ್ನೊಂದರಲ್ಲಿ ಐಸು ಹಿಡಿದುಕೊಂಡು. ಅಕ್ಕ ಎರಡನ್ನೂ ಬೇಡವೆಂದು ನಲ್ಲಿಯ ಕೆಳಗೆ ಕೈಯಿಟ್ಟು ನಿಂತರೆ, ಆ ಪುಣ್ಯಾತ್ಮರು ಪಕ್ಕದಲ್ಲಿ ಗಡಿಯಾರ ಹಿಡಿದು, ಹತ್ತೇ ನಿಮಿಷಕ್ಕೆ ಟ್ಯಾಂಕು ಖಾಲಿಯಾಗುವ ಚಿಂತೆಗೆ ಬಿದ್ದರಂತೆ.

ಹೋದ ವರ್ಷದ ಒಂದು ಬೆಳಿಗ್ಗೆ ಮಾತ್ರ ನಗುವಂಥದ್ದಾಗಿರಲಿಲ್ಲ. ಇಸ್ತ್ರಿಪೆಟ್ಟಿಗೆ ತಾಗಿ ಬೆರಳು ಕೆಂಪಾದ ಗುಮಾಸ್ತರೊಬ್ಬರು ಕಿರುಚಿ ಕಿರುಚಿ ವಿಭಾಗವನ್ನೇ ತಲೆಕೆಳಗು ಮಾಡಿದ್ದರು. ಹೊಸ ಡಾಕ್ಟರು ಅವರನ್ನು ಸಮಾಧಾನ ಮಾಡುವುದರಲ್ಲೇ ಮುಳುಗಿದ್ದರು. ಹಿಂದಿನ ಬೆಂಚಿನಲ್ಲಿ ರಸ್ತೆಗೆ ಡಾಂಬರು ಹಾಕುವ ಕೂಲಿಯೊಬ್ಬ, ಬಂದವರಿಗೆಲ್ಲ ತನ್ನ ಸರದಿ ಬಿಟ್ಟುಕೊಡುತ್ತ ಕೂತಿದ್ದ. ಹಿಂದಿನ ದಿನ ಅವನ ಬೂಟಿನೊಳಗೆ ಬಿಸಿ ಡಾಂಬರು ಇಳಿದಿತ್ತು. ಈಗ ನೋವಿಲ್ಲ, ವಾಸಿಯಾಗಿದೆ, ಒಂದು ಪಟ್ಟಿ ಕಟ್ಟಿದರೆ ಕೆಲಸಕ್ಕೆ ಹೊರಡುತ್ತೇನೆ ಎಂದ.

ಅವನು ಕಾಲಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಅಕ್ಕ ಬಿಚ್ಚಿದರು. ಪಾದದ ಮೇಲೆ ಚರ್ಮ ಬೆಳ್ಳಗೆ, ರಟ್ಟಿನಂತಿತ್ತು. ಅವನಿಗೆ ಬೇರೆ ಕಡೆ ನೋಡಲು ಹೇಳಿ ಸೂಜಿಯ ತುದಿ ತಾಗಿಸಿದರು. ಯಾವಾಗ ಚುಚ್ಚುತ್ತೀರಿ ಎಂದು ಅವನು ಕೇಳಿದ. ಅಕ್ಕ ನೇರವಾಗಿ ಹೋಗಿ ಡಾಕ್ಟರ ತೋಳು ಹಿಡಿದರು. "ಸಾರ್, ಇವರು ಇನ್ನೂ ಒಂದು ಗಂಟೆ ಕಿರುಚಬಲ್ಲರು. ಆ ಮನುಷ್ಯನ ಕಾಲಿಗೆ ಅಷ್ಟು ಹೊತ್ತಿಲ್ಲ."

ಎರಡು ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಚರ್ಮ ತೆಗೆದು ಪಾದಕ್ಕೆ ಕಸಿ ಮಾಡಿದರು. ಏಳು ವಾರ ಪಟ್ಟಿ ಬದಲಿಸಿದವರು ಅಕ್ಕ. ತೊಡೆಯ ಕೂದಲು ಇನ್ನು ಪಾದದಲ್ಲಿ ಬೆಳೆಯುತ್ತದೆಯೇ ಎಂಬುದೊಂದೇ ಅವನ ಚಿಂತೆ. ಬೆಳೆಯುವುದಿಲ್ಲ, ಬೆಳೆದರೆ ಕ್ಷೌರ ತಾನೇ ಮಾಡುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಾರೆ.

ಆ ಡಾಕ್ಟರು ಈಗ ಒಳಗೆ ಬರುತ್ತಲೇ ಹಿಂದಿನ ಬೆಂಚಿನತ್ತ ಕಣ್ಣು ಹಾಯಿಸುತ್ತಾರೆ. ಡಾಂಬರಿನವನು ಮೂರು ತಿಂಗಳಿಗೊಮ್ಮೆ ಕಾಲು ತೋರಿಸಲು ಬರುತ್ತಾನೆ.

"ವಾಪಸ್ ಹೋಗುವಾಗ ಮೆಟ್ಟಿಲ ಕಂಬಿ ಹಿಡಿಯದೇ ಇಳೀತಾನೆ," ಎನ್ನುತ್ತಾರೆ ಅಕ್ಕ, ಅಡುಗೆಯವರ ಕೈಗೆ ಕೊನೆಯ ಸುತ್ತು ಸುತ್ತುತ್ತಾ. "ನಾನು ಬಾಗಿಲಲ್ಲಿ ನಿಂತು ನೋಡ್ತೀನಿ. ಅಷ್ಟು ಹೊತ್ತು ಯಾರು ಕರೆದ್ರೂ ನಂಗೆ ಕೇಳಿಸಲ್ಲ."